ಮಾಗಡಿ ಕೆರೆಗೆ ನೀರು ತರುವ ಹಳ್ಳಗಳ ಪರವಾಗಿ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾಗಡಿ, ಶೆಟ್ಟಿಕೆರೆ, ಡಂಬಳ ಮತ್ತು ಕಪ್ಪತಗುಡ್ಡದ ಸೆರಗಿನ ಎಲ್ಲ ಊರುಗಳ ಗ್ರಾಮ ಪಂಚಾಯಿತಿ ಸದಸ್ಯರಿಗೆ, ನಾಳೆ ಆ ಜಾಗಕ್ಕೆ ಆರಿಸಿ ಬರಲಿರುವವರಿಗೂ,



2024ರ ಜನವರಿ 31ರಂದು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಹೆಸರು ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಅದೇ ದಿನ ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಕೂಡ ಸೇರಿದವು. ಅಲ್ಲಿಯವರೆಗೆ ಕರ್ನಾಟಕದ ಪಾಲಿಗೆ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ರಾಮ್ಸರ್ ಇರಾನಿನ ಕ್ಯಾಸ್ಪಿಯನ್ ದಂಡೆಯ ಊರು. 1971ರ ಫೆಬ್ರುವರಿ 2ರಂದು ಅಲ್ಲಿ ಸೇರಿದ ದೇಶಗಳು ಕೆರೆ, ಜೌಗು, ಅಳಿವೆಗಳನ್ನು ಉಳಿಸಿಕೊಳ್ಳಲು ಒಪ್ಪಂದ ಮಾಡಿಕೊಂಡವು. ಆ ದೊಡ್ಡ ಪುಸ್ತಕದಲ್ಲಿ ನಮ್ಮ ಸೀಮೆಯ, ರೈತರಿಗೆ ನೀರುಣಿಸಲೆಂದು ಕಟ್ಟಿದ ಒಂದು ಕೆರೆಯ ಹೆಸರಿದೆ ಎಂಬುದು ಹೆಮ್ಮೆಯ ಮಾತು. ಫಲಕ ನೆಟ್ಟಾಯಿತು, ಅಭಿನಂದನೆಗಳೂ ಮುಗಿದವು. ಈಗ ನಿಮ್ಮ ಮುಂದೆ ಇಡಬೇಕಾದದ್ದು ಬೇರೆ ಮಾತು: ಪಟ್ಟಿಗೆ ಸೇರಿದ್ದು ಕೆರೆ ಮಾತ್ರ. ಆ ಕೆರೆಗೆ ನೀರು ಬರುವ ನೆಲ ಯಾವ ಪಟ್ಟಿಯಲ್ಲೂ ಇಲ್ಲ. ಅದು ಇರುವುದು ನಿಮ್ಮ ಪಂಚಾಯಿತಿಗಳ ಸರಹದ್ದಿನಲ್ಲಿ.

ನಮ್ಮ ನೆಲದ ಕಟ್ಟನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳೋಣ. ಗದಗ ಸಮೀಪದ ಬಿಂಕದಕಟ್ಟಿಯಿಂದ ಹೊರಟ ಕಪ್ಪತಗುಡ್ಡದ ಸಾಲು ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನ ಹತ್ತಿರ ತುಂಗಭದ್ರೆಯ ದಂಡೆ ಮುಟ್ಟುವ ತನಕ ಅರವತ್ತು ಕಿಲೋಮೀಟರಿಗೂ ಮಿಕ್ಕಿ ಹಬ್ಬಿದೆ. ಅದರ ಪಡುವಲಿಗೆ ಶಿರಹಟ್ಟಿ, ಲಕ್ಷ್ಮೇಶ್ವರದ ಸೀಮೆ. ಮೂಡಲಿಗೆ ಡಂಬಳ, ಮುಂಡರಗಿ. ತೆಂಕಲಿಗೆ ಹೊಳೆ. ಗುಡ್ಡದ ಕಲ್ಲು ಧಾರವಾಡ ಶಿಲಾವರ್ಗದ್ದು, ಎರಡುನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು. ಅದರ ಹೊಟ್ಟೆಯಲ್ಲಿ ಕಬ್ಬಿಣ, ಮ್ಯಾಂಗನೀಸ್, ಚಿನ್ನ ಇವೆ. ಅದರ ಮೈಮೇಲೆ ಕುರುಚಲು ಕಾಡು, ಹುಲ್ಲುಗಾವಲು, ಎಲೆ ಉದುರುವ ಮರಗಳು, ನಾಟಿ ವೈದ್ಯರು ಹುಡುಕಿಕೊಂಡು ಬರುವ ಔಷಧಿ ಗಿಡಗಳು. ತೋಳ, ಕತ್ತೆಕಿರುಬ, ಚಿರತೆ, ನವಿಲು ಇನ್ನೂ ಅಲ್ಲಿ ಬದುಕಿವೆ. ಎಪ್ಪತ್ತು ಗಿರಿಗಿಂತ ಕಪ್ಪತಗಿರಿ ಮೇಲು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ಸೀಮೆ ಪಶ್ಚಿಮಘಟ್ಟದ ಮಳೆನೆರಳಿನಲ್ಲಿದೆ. ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಮುಂಗಾರಿ ಮಳೆ ಹೆಸರು, ಶೇಂಗಾ, ಗೋವಿನಜೋಳಕ್ಕೆ ಹಸಿ ಕೊಟ್ಟು ಹೋಗುತ್ತದೆ. ಕೆರೆ ತುಂಬಬೇಕಾದರೆ ಹುಬ್ಬಿ, ಉತ್ತರಿ, ಹಸ್ತ, ಚಿತ್ತಿಯ ದಪ್ಪ ಮಳೆಗಳೇ ಬೇಕು. ಆ ಎರಡು ತಿಂಗಳಲ್ಲಿ ನಾಲ್ಕಾರು ಜೋರು ಮಳೆ ಬಿದ್ದು ಹಳ್ಳ ಹರಿದರೆ ಆ ವರ್ಷ ಕೆರೆ ಇದೆ, ಹರಿಯದಿದ್ದರೆ ಇಲ್ಲ. ನಮ್ಮ ಕಡೆ ಕೆರೆ ಎಂಬುದು ಮಲೆನಾಡಿನ ಕೆರೆಯ ಹಾಗೆ ಒರತೆಯಿಂದ ತುಂಬಿಕೊಳ್ಳುವುದಿಲ್ಲ. ಹಳ್ಳವೇ ಅದರ ತಾಯಿಬೇರು.

ಒಂದು ಸಣ್ಣ ಲೆಕ್ಕ ಹಾಕೋಣ. ಮಾಗಡಿ ಕೆರೆಯ ಹರವು ಸುಮಾರು 50 ಹೆಕ್ಟೇರ್, ಎಂದರೆ 120 ಎಕರೆಗೂ ಹೆಚ್ಚು. ಅದಕ್ಕೆ ನೀರು ಹರಿದು ಬರುವ ಜಲಾನಯನ ಪ್ರದೇಶ ಸುಮಾರು 900 ಹೆಕ್ಟೇರ್. ಅಷ್ಟು ನೆಲದ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ ಒಟ್ಟು 540 ಕೋಟಿ ಲೀಟರ್ ನೀರು. ಕೇಳಲು ದೊಡ್ಡದು. ಆದರೆ ಅದರ ಬಹುಪಾಲನ್ನು ಹೊಲ ಕುಡಿಯುತ್ತದೆ, ಬಿಸಿಲು ಹೀರುತ್ತದೆ. ಹತ್ತರಲ್ಲಿ ಒಂದು ಪಾಲು ಹರಿದು ಕೆರೆ ಸೇರಿತು ಎಂದು ಹಿಡಿದರೆ 54 ಕೋಟಿ ಲೀಟರ್. ಅದನ್ನು ಕೆರೆಯ ಹರವಿನ ತುಂಬ ಹರಡಿದರೆ ಆಳ ಒಂದು ಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ನಮ್ಮ ಬಯಲುಸೀಮೆಯ ಬಿಸಿಲು, ಗಾಳಿ ತೆರೆದ ನೀರಿನಿಂದ ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚನ್ನು ಆವಿಯಾಗಿ ಒಯ್ಯುತ್ತವೆ. ಜಗತ್ತಿನ ಪಟ್ಟಿಯಲ್ಲಿ ಹೆಸರಿರುವ ಕೆರೆಯ ನಿಜವಾದ ಬಂಡವಾಳ ಇಷ್ಟು ತೆಳ್ಳಗಿನದು. ಮೇಲಿನ ಹಳ್ಳದಲ್ಲಿ ಒಂದು ಕಡೆ ಮಣ್ಣು ಬಿದ್ದರೂ, ರಸ್ತೆ ಅಡ್ಡ ಹಾಯ್ದರೂ, ಅದು ಕೆರೆಯ ಮಟ್ಟದಲ್ಲಿ ಕಾಣುತ್ತದೆ.

ಇಲ್ಲಿ ಒಂದು ಕಷ್ಟದ ಮಾತನ್ನು ಆಡಲೇಬೇಕು. ಕೃಷಿ ಹೊಂಡ ನಮ್ಮ ಒಣಭೂಮಿಯ ರೈತನಿಗೆ ಬಂದ ಒಳ್ಳೆಯ ಯೋಜನೆ. ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿದ ಹೊಂಡಗಳಿಂದ ಒಂದು ಮಳೆ ತಪ್ಪಿದರೂ ಬೆಳೆ ಕೈಗೆ ಬಂದ ಮನೆಗಳು ನಿಮ್ಮ ಊರುಗಳಲ್ಲೇ ಇವೆ. ಅದರ ವಿರುದ್ಧ ನಾನು ಒಂದು ಮಾತೂ ಆಡುವುದಿಲ್ಲ. ಆದರೆ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಒಂದು ಹೊಂಡ, ದಡದ ಇಳಿಜಾರು ಕಳೆದು, ಸುಮಾರು ಹತ್ತು ಲಕ್ಷ ಲೀಟರ್ ಹಿಡಿಯುತ್ತದೆ. ಒಂದೇ ಜಲಾನಯನದಲ್ಲಿ ಅಂಥವು ನೂರು ಆದರೆ ಹತ್ತು ಕೋಟಿ ಲೀಟರ್. ಮೇಲಿನ ಲೆಕ್ಕದಲ್ಲಿ ಕೆರೆಗೆ ಬರುವ ನೀರಿನ ಐದರಲ್ಲಿ ಒಂದು ಪಾಲಿಗೆ ಅದು ಹತ್ತಿರ. ಮಳೆ ಕಡಿಮೆಯಾದ ವರ್ಷ ಹೊಂಡ ಮೊದಲು ತುಂಬುತ್ತದೆ, ಕೆರೆ ಆಮೇಲೆ. ಹಾಗಾದರೆ ಎಲ್ಲಿ ಹೊಂಡ ತೋಡಬೇಕು, ಯಾವ ಹಳ್ಳದ ಪಾತ್ರವನ್ನು ಮುಟ್ಟಬಾರದು, ಎಷ್ಟಕ್ಕೆ ನಿಲ್ಲಿಸಬೇಕು ಎಂಬುದನ್ನು ಯಾರು ತೀರ್ಮಾನಿಸಬೇಕು? ಗದಗದಲ್ಲಿ ಕುಳಿತ ಅಧಿಕಾರಿಗೆ ಸರ್ವೆ ನಂಬರು ಗೊತ್ತು. ಹಳ್ಳ ಯಾವ ಬದುವಿನ ಪಕ್ಕ ಹೊರಳುತ್ತದೆ ಎಂಬುದು ನಿಮಗೆ ಗೊತ್ತು. ಈ ತೀರ್ಮಾನ ಗ್ರಾಮಸಭೆಯದ್ದೇ ಆಗಬೇಕು, ರೈತರನ್ನು ಎದುರಿಗೆ ಕೂಡಿಸಿಕೊಂಡು ಆಗಬೇಕು.

ಇನ್ನು ಹಕ್ಕಿಗಳ ವಿಚಾರ. ಸ್ವಾತಿ ಮಳೆ ಮುಗಿಯುವ ಹೊತ್ತಿಗೆ, ನವೆಂಬರಿನಲ್ಲಿ, ಪಟ್ಟೆತಲೆ ಹೆಬ್ಬಾತುಗಳು ಮಾಗಡಿಗೆ ಇಳಿಯುತ್ತವೆ. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಬೂದು ಮೈ, ಗಂಭೀರ ನಡಿಗೆ. ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳ ದಂಡೆಯಲ್ಲಿ ಮರಿ ಮಾಡಿ, ಚಳಿ ಬಿದ್ದಾಗ ಹಿಮಾಲಯ ದಾಟಿ ಬರುವ ಹಕ್ಕಿ ಇದು. ವಿಜ್ಞಾನಿಗಳು ಬೆನ್ನಿಗೆ ಸಾಧನ ಕಟ್ಟಿ ಹಿಂಬಾಲಿಸಿದಾಗ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಯಿತು. ಅಲ್ಲಿಯ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಗುಣ ಅದರ ನೆತ್ತರಿಗಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ದಕ್ಷಿಣ ಭಾರತದಲ್ಲಿ ಇವು ಚಳಿಗಾಲ ಕಳೆಯುವ ಅತಿ ದೊಡ್ಡ ನೆಲೆಗಳಲ್ಲಿ ಮಾಗಡಿ ಒಂದು. ಒಂದು ಹಂಗಾಮಿಗೆ ಸುಮಾರು 8,000 ಹಕ್ಕಿ. ರಾಮ್ಸರ್ ದಾಖಲೆಯ ಪ್ರಕಾರ ಇಲ್ಲಿ 166ಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ, ಅವುಗಳಲ್ಲಿ 130 ವಲಸೆ ಬರುವಂಥವು. ಹಾವಕ್ಕಿ, ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ನದಿ ರೀವಗಳಂಥ ಹಕ್ಕಿಗಳೂ ಇಲ್ಲಿವೆ.

ಈ ಹಕ್ಕಿ ಕೆರೆಯಲ್ಲಿ ಉಣ್ಣುವುದು ಕಡಿಮೆ. ಕೆರೆ ಅದಕ್ಕೆ ಹಗಲು ವಿಶ್ರಾಂತಿಯ, ರಕ್ಷಣೆಯ ತಾಣ. ಹೊತ್ತು ಮುಳುಗುವಾಗ ಸಾಲುಗಟ್ಟಿ ಎದ್ದು ಸುತ್ತಲ ಹೊಲಗಳಿಗೆ ಹಾರಿ, ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಯಿ, ಕಡಲೆಯ ಎಳೆ ಚಿಗುರು, ಬದುವಿನ ಹುಲ್ಲು ಮೇಯ್ದು ಮತ್ತೆ ಕೆರೆಗೆ ಮರಳುತ್ತದೆ. ಹಾಗಾಗಿ 50 ಹೆಕ್ಟೇರ್ ಕೆರೆಯನ್ನು ಎಷ್ಟು ಚೆನ್ನಾಗಿ ಕಾದರೂ ಹೆಬ್ಬಾತಿಗೆ ಅದು ಅರ್ಧ ಮನೆ ಮಾತ್ರ. ಉಳಿದ ಅರ್ಧ ನಿಮ್ಮ ಹಿಂಗಾರಿ ಹೊಲಗಳು. ಕಡಲೆಯ ಚಿಗುರು ಮೇಯ್ದಾಗ ರೈತನಿಗೆ ಸಂಕಟ ಆಗದೆ ಇರುವುದಿಲ್ಲ. ಆದರೂ ಮಾಗಡಿ ಸುತ್ತಿನ ಜನ ಅವುಗಳ ಮೇಲೆ ಕೈ ಮಾಡಲಿಲ್ಲ. ದೂರದಿಂದ ಬಂದ ಅತಿಥಿಗಳು, ಹಿಕ್ಕೆ ಹಾಕಿ ಹೊಲಕ್ಕೆ ಗೊಬ್ಬರ ಕೊಟ್ಟು ಹೋಗುತ್ತವೆ ಎಂದುಕೊಂಡು ಸಹಿಸಿದರು. ಇವತ್ತು ಆ ಕೆರೆಯ ಹೆಸರು ದೇಶ ದೇಶಕ್ಕೆ ಗೊತ್ತಾಗಿದ್ದರೆ ಅದಕ್ಕೆ ಮೊದಲ ಕಾರಣ ಆ ರೈತರ ತಾಳ್ಮೆ. ಆ ತಾಳ್ಮೆಗೆ ಬೆಲೆ ಕಟ್ಟದೆ ಎಲ್ಲ ಶ್ರೇಯವನ್ನೂ ಫಲಕಕ್ಕೆ ಕೊಡುವುದು ಸರಿಯಲ್ಲ. ಹೆಬ್ಬಾತು ಮೇಯ್ದ ಹೊಲಕ್ಕೆ ಪರಿಹಾರ ಕೊಡಬೇಕೆಂದು ಪಂಚಾಯಿತಿಯೇ ಠರಾವು ಮಾಡಿ ಸರ್ಕಾರಕ್ಕೆ ಕಳಿಸಬೇಕು. ಹಕ್ಕಿ ನೋಡಲು ಬರುವವರಿಂದ ಬರುವ ಹಣದಲ್ಲಿ ಮೊದಲ ಪಾಲು ಆ ಹೊಲದವರಿಗೆ ಸಲ್ಲಬೇಕು.

ಕೆರೆಯ ಅಭಿವೃದ್ಧಿ ಎಂದು ಬರುವ ಕೆಲಸಗಳ ಬಗ್ಗೆ ನನಗೆ ನಿಜವಾಗಿ ಭಯವಿದೆ. ಎಲ್ಲ ಕಡೆ ಒಂದೇ ನಮೂನೆ ನೋಡುತ್ತಿದ್ದೇವೆ: ದಂಡೆಗೆ ಸುತ್ತಲೂ ಕಲ್ಲು ಕಟ್ಟಿ, ನಡೆಯುವ ದಾರಿ ಮಾಡಿ, ದೀಪದ ಕಂಬ ನೆಟ್ಟು, ದೋಣಿ ಬಿಡುವುದು. ಹೆಬ್ಬಾತು, ಕೊಕ್ಕರೆ, ಉದ್ದ ಕಾಲಿನ ಸಣ್ಣ ಹಕ್ಕಿಗಳಿಗೆ ಬೇಕಾದದ್ದು ಇಳಿಜಾರಾಗಿ ಕರಗುವ ದಂಡೆ, ಪಾದ ಮುಳುಗುವಷ್ಟು ನೀರು, ಕೆಸರು, ದೂರದವರೆಗೆ ಕಣ್ಣಿಗೆ ಅಡ್ಡಿಯಿಲ್ಲದ ಬಯಲು. ಕಲ್ಲಿನ ಅಂಚು ಕಟ್ಟಿದ ದಿನ ಆ ಕೆಸರಿನ ಅಂಚು ಸಾಯುತ್ತದೆ. ರಾತ್ರಿ ಬೆಳಕು ಹಾಕಿದರೆ ಹಕ್ಕಿ ಇಳಿಯುವುದು ಕಷ್ಟ. ಹೂಳು ತೆಗೆಯಬೇಕು ಎನ್ನುವುದು ನ್ಯಾಯವೇ. ಆದರೆ ಎಲ್ಲ ಕಡೆ ಸಮನಾಗಿ ಆಳ ಮಾಡಬೇಡಿ, ತೆಳುನೀರಿನ ದಂಡೆಯನ್ನು ಹಾಗೇ ಬಿಡಿ. ಹೂಳೆತ್ತುವ ಹಣದ ಒಂದು ಭಾಗವನ್ನು ಹೂಳು ಹುಟ್ಟುವ ಕಡೆ, ಎಂದರೆ ಮೇಲಿನ ಬೋಳು ಇಳಿಜಾರಿನಲ್ಲಿ, ಬದು ಹಾಕಲು, ಹುಲ್ಲು ಹಿಡಿಸಲು ಖರ್ಚು ಮಾಡಿದರೆ ಹತ್ತು ವರ್ಷಕ್ಕೊಮ್ಮೆ ಮತ್ತೆ ಅದೇ ಕೆಲಸಕ್ಕೆ ಟೆಂಡರ್ ಕರೆಯುವುದು ತಪ್ಪುತ್ತದೆ.

ಈ ಪತ್ರ ಮಾಗಡಿಯೊಂದಕ್ಕೆ ಬರೆದದ್ದಲ್ಲ. ಮಾಗಡಿ ಒಣಗಿದ ವರ್ಷ ಹಕ್ಕಿಗೆ ಬೇರೆ ನೀರು ಬೇಕು. ಲಕ್ಷ್ಮೇಶ್ವರದ ಕಡೆ, ಕಾಡಿನ ನಡುವಿನ ಶೆಟ್ಟಿಕೆರೆ ಅಂಥ ಒಂದು ಆಸರೆ. ಹೆಬ್ಬಾತುಗಳು ಅಲ್ಲೂ ಇಳಿಯುತ್ತವೆ. ಗುಡ್ಡದ ಮೂಡಲಿಗೆ, ದೊಡ್ಡಬಸಪ್ಪನ ಗುಡಿಯ ಊರಾದ ಡಂಬಳದಲ್ಲಿ ಜನ ವಿಕ್ಟೋರಿಯಾ ಮಹಾರಾಣಿ ಕೆರೆ ಎಂದು ಕರೆಯುವ ದೊಡ್ಡ ಕೆರೆಯಿದೆ. ಕಪ್ಪತಗುಡ್ಡದ ಮೇಲೆ ಬಿದ್ದ ಮಳೆ ಹರಿದು ಅದನ್ನು ತುಂಬುತ್ತದೆ. ಈ ಕೆರೆಗಳೆಲ್ಲ ಒಂದೇ ಸಂಸಾರ. ಆದರೆ ಕಾನೂನಿನ ಕಣ್ಣಿಗೆ ಹಾಗಲ್ಲ. 2017ರ ಜೌಗು ಪ್ರದೇಶಗಳ ಸಂರಕ್ಷಣಾ ನಿಯಮಗಳು ನೀರಾವರಿಗೆಂದೇ ಜನ ಕಟ್ಟಿದ ಕೆರೆಗಳನ್ನು ಜೌಗು ಪ್ರದೇಶದ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಉತ್ತರ ಕರ್ನಾಟಕದ ಕೆರೆಗಳು ಬಹುಪಾಲು ಅಂಥವೇ. ಮಾಗಡಿಗೆ ಹಕ್ಕಿಗಳ ಪುಣ್ಯದಿಂದ ಸಂರಕ್ಷಣಾ ಮೀಸಲು ಎಂಬ ಹೆಸರು, ರಾಮ್ಸರ್ ಎಂಬ ಗೌರವ ಸಿಕ್ಕವು. ಉಳಿದವಕ್ಕೆ ಕಾವಲು ಎಂದರೆ ಊರಿನವರೇ.

ಗುಡ್ಡದ ವಿಷಯದಲ್ಲಿ ಊರಿನವರ ಕಾವಲು ಏನು ಮಾಡಬಲ್ಲದು ಎಂಬುದನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಸಾವಿರಾರು ಎಕರೆ ಹಿಡಿಯಲು ಹೊರಟಾಗ ರೈತರು ಭೂಮಿ ಬಿಡಲಿಲ್ಲ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಅವರ ಮುಂದೆ ನಿಂತರು. ಕಾರ್ಖಾನೆ ಬರಲಿಲ್ಲ. 2015ರ ಡಿಸೆಂಬರಿನಲ್ಲಿ ಕಪ್ಪತಗುಡ್ಡ ಸಂರಕ್ಷಣಾ ಮೀಸಲು ಆಯಿತು. ಒಂದು ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಆ ಆದೇಶವನ್ನು ಹಿಂದೆಗೆದುಕೊಂಡರು. ಚಿನ್ನದ ಗಣಿಯ ನೆರಳು ಗುಡ್ಡದ ಮೇಲೆ ಬಿತ್ತು. ಮಠಾಧೀಶರು, ಸಾಹಿತಿಗಳು, ವಿದ್ಯಾರ್ಥಿಗಳು, ಹಳ್ಳಿಗರು ಒಂದೇ ಪೆಂಡಾಲಿನಲ್ಲಿ ಕುಳಿತರು. ಡೋಣಿಯ ನಂದಿವೇರಿ ಮಠದ ಶಿವಕುಮಾರ ಸ್ವಾಮಿಗಳು ಗುಡ್ಡದ ಮಾತನ್ನು ಊರೂರಿಗೆ ಒಯ್ದರು. 2017ರ ಏಪ್ರಿಲ್‌ನಲ್ಲಿ ಮೀಸಲು ಮರಳಿ ಬಂತು. 2019ರ ಮೇ ತಿಂಗಳಲ್ಲಿ 244.15 ಚದರ ಕಿಲೋಮೀಟರ್ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಜನ ಕೂಡಿ ಗೆದ್ದ ಗೆಲುವು ಅದು. ಗಣಿಯ ಪ್ರಸ್ತಾವಗಳು ಅಲ್ಲಿಗೆ ನಿಲ್ಲಲಿಲ್ಲ. 2024ರಲ್ಲೂ ರಾಜ್ಯ ವನ್ಯಜೀವಿ ಮಂಡಳಿಯ ಮುಂದೆ ಬಂದು ತಿರಸ್ಕೃತವಾದವು. ಮುಂದೆಯೂ ಬರುತ್ತವೆ. ಅವು ಬಂದಾಗ ನಿಮ್ಮ ಪಂಚಾಯಿತಿಯ ಅಭಿಪ್ರಾಯ ಕೇಳುವ ಕಾಗದ ನಿಮ್ಮ ಮೇಜಿಗೂ ಬರಬಹುದು. ಓದದೆ ಸಹಿ ಮಾಡಬೇಡಿ.

ಧಾಮ ಆದ ಮೇಲೂ ಪ್ರತಿ ಬೇಸಿಗೆ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಹೊಸ ಹುಲ್ಲು ಚೆನ್ನಾಗಿ ಬರುತ್ತದೆಂದು ಕೆಲವರು ಹಚ್ಚುತ್ತಾರೆ, ಬೀಡಿಯ ಕಿಡಿಯಿಂದ ಕೆಲವು ಸಲ ಹತ್ತುತ್ತದೆ. ಸುಟ್ಟ ಇಳಿಜಾರಿನ ಮೇಲೆ ಮೊದಲ ಜೋರು ಮಳೆ ಬಿದ್ದಾಗ ಬೂದಿ, ಮಣ್ಣು ಎರಡೂ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಡಂಬಳದ ಕೆರೆಯ ಹೂಳಿನ ಲೆಕ್ಕ ಗುಡ್ಡದ ನೆತ್ತಿಯಲ್ಲಿ ಶುರುವಾಗುತ್ತದೆ. ಕುರಿ ಕಾಯುವವರನ್ನು, ತಾಂಡಾಗಳ ಹಿರಿಯರನ್ನು ಬಿಟ್ಟು ಈ ಬೆಂಕಿಯನ್ನು ಅರಣ್ಯ ಇಲಾಖೆಯ ಕೆಲವೇ ಕಾವಲುಗಾರರು ತಡೆಯಲಾರರು. ಗುಡ್ಡದ ದಾರಿ ಬಲ್ಲವರು ಆ ಕುರಿಗಾಹಿಗಳು, ಆ ಹಿರಿಯರು. ಬೆಂಕಿ ಕಾವಲಿಗೆ ಅವರನ್ನೇ ಕರೆದು, ಕೂಲಿ ಕೊಟ್ಟು, ಜವಾಬ್ದಾರಿ ವಹಿಸಿ.

ಹಮ್ಮಿಗಿಯ ಬಳಿ ತುಂಗಭದ್ರೆಗೆ ಬ್ಯಾರೇಜು ಕಟ್ಟಿ ಸಿಂಗಟಾಲೂರು ಏತ ನೀರಾವರಿ ಬಂದ ಮೇಲೆ ಇನ್ನೊಂದು ವಿಚಾರ ನಮ್ಮ ಮನಸ್ಸಿನಲ್ಲಿ ಬೇರೂರಿದೆ: ಹಳ್ಳ ಹೋದರೂ ಪರವಾಗಿಲ್ಲ, ಹೊಳೆಯ ನೀರನ್ನು ಪೈಪಿನಲ್ಲಿ ತಂದು ಕೆರೆ ತುಂಬಿಸಿದರಾಯಿತು. ಬರದ ವರ್ಷ ಹೊಳೆ ನೀರು ಬಂದರೆ ಬೇಡ ಎನ್ನುವ ರೈತ ಇಲ್ಲ, ನಾನೂ ಎನ್ನುವುದಿಲ್ಲ. ಆದರೆ ಬರ ಬಿದ್ದ ವರ್ಷ ಹೊಳೆಯಲ್ಲೂ ನೀರು ಕಡಿಮೆಯೇ. ಕರೆಂಟಿಲ್ಲದ ದಿನ ಪಂಪು ನಿಲ್ಲುತ್ತದೆ. ಹಳ್ಳ ಕರೆಂಟು ಕೇಳುವುದಿಲ್ಲ. ಪೈಪಿನ ಭರವಸೆಯಲ್ಲಿ ಹಳ್ಳದ ಪಾತ್ರ ಉತ್ತು ಹೊಲಕ್ಕೆ ಸೇರಿಸಿಕೊಂಡದ್ದನ್ನು ಕಂಡೂ ಸುಮ್ಮನಿದ್ದರೆ, ಮುಂದೆ ನಮ್ಮ ಕೆರೆಗಳು ಬರೀ ತೊಟ್ಟಿಗಳಾಗುತ್ತವೆ. ಹೊಳೆಯ ನೀರು ಬಿಡುವುದಿದ್ದರೂ ಅದು ಯಾವ ತಿಂಗಳಲ್ಲಿ, ಎಷ್ಟು ಮಟ್ಟಕ್ಕೆ ಎಂಬುದನ್ನು ಹಕ್ಕಿಯ ಹಂಗಾಮು ನೋಡಿ ನಿರ್ಧರಿಸಬೇಕು. ಜನವರಿಯಲ್ಲಿ ಕೋಡಿ ಬೀಳುವಷ್ಟು ತುಂಬಿದರೆ ಕೆಸರಿನ ದಂಡೆಯೆಲ್ಲ ಮುಳುಗಿ ಉದ್ದ ಕಾಲಿನ ಹಕ್ಕಿಗಳಿಗೆ ನಿಲ್ಲಲು ನೆಲೆಯಿರುವುದಿಲ್ಲ.

ಗಾಳಿಯಂತ್ರಗಳು, ಅವುಗಳ ವಿದ್ಯುತ್ ಸಾಗಿಸುವ ತಂತಿಗಳು ನಮ್ಮ ಜಿಲ್ಲೆಯ ತುಂಬ ಹಬ್ಬಿವೆ. ಭಾರದ ಮೈಯ ಹೆಬ್ಬಾತು ನಸುಗತ್ತಲಲ್ಲಿ ಕೆರೆಯಿಂದ ಹೊಲಕ್ಕೆ ಕೆಳಮಟ್ಟದಲ್ಲೇ ಹಾರುವಾಗ ತಂತಿ ಅದಕ್ಕೆ ಕಾಣುವುದಿಲ್ಲ. ಕೆರೆಯ ಆಸುಪಾಸಿನಲ್ಲಿ ಹೊಸ ಕಂಬ ನೆಡಲು ಒಪ್ಪಿಗೆ ಕೇಳಿ ಬಂದರೆ, ತಂತಿ ನೆಲದಡಿ ಹೋಗಲಿ ಅಥವಾ ದೂರದಿಂದ ಹಾಯಲಿ ಎಂದು ಷರತ್ತು ಹಾಕಿ. ಇರುವ ತಂತಿಗಳಿಗೆ ಹಕ್ಕಿಗೆ ಕಾಣುವಂಥ ಬಿಲ್ಲೆಗಳನ್ನು ಕಟ್ಟಿಸಿ.

ಇದನ್ನೆಲ್ಲ ಕೇಳಲು ನಿಮಗೆ ಅಧಿಕಾರ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಅದು ಕಾನೂನಿನಲ್ಲೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ 36ಎ, 36ಬಿ ಎಂಬ ಕಲಮುಗಳು ಸೇರಿದವು. ಸಂರಕ್ಷಣಾ ಮೀಸಲು ಘೋಷಿಸುವ ಮೊದಲು ಸ್ಥಳೀಯ ಜನರೊಂದಿಗೆ ಸಮಾಲೋಚನೆ ಆಗಬೇಕು. ಅದರ ಆಡಳಿತಕ್ಕೆ ಸಲಹೆ ಕೊಡುವ ಸಮಿತಿಯಲ್ಲಿ ಆ ಮೀಸಲು ಹಬ್ಬಿದ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿ ಇರಬೇಕು. ವನ್ಯಜೀವಿಗಳಿಗಾಗಿ ದುಡಿಯುವ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ಒಬ್ಬೊಬ್ಬರು. ಎಂದರೆ ಮಾಗಡಿಯ ಕೆರೆಯ ಬಗ್ಗೆ ಮಾತಾಡಲು ಪಂಚಾಯಿತಿಗೆ ಯಾರ ದಾಕ್ಷಿಣ್ಯವೂ ಬೇಕಿಲ್ಲ, ಕುರ್ಚಿ ಈಗಾಗಲೇ ಇದೆ. ಅದರಲ್ಲಿ ಹೋಗಿ ಕುಳಿತುಕೊಳ್ಳಿ. ಸಭೆ ಕರೆಯದಿದ್ದರೆ ಕರೆಯಿರಿ ಎಂದು ಬರೆಯಿರಿ.

ನಾನು ಕೇಳುವುದು ದೊಡ್ಡ ಯೋಜನೆಯಲ್ಲ. ಮುಂದಿನ ಮಳೆಗಾಲಕ್ಕೆ ಮುಂಚಿನ ಗ್ರಾಮಸಭೆಯಲ್ಲಿ ನಿಮ್ಮ ಊರಿನ ಕೆರೆಗೆ ಬರುವ ಪ್ರತಿ ಹಳ್ಳದ ಹೆಸರು, ಅದು ಹುಟ್ಟುವ ಜಾಗ, ಹಾಯುವ ಸರ್ವೆ ನಂಬರು, ಈಗ ಅಡ್ಡ ಬಂದಿರುವ ರಸ್ತೆ, ಒತ್ತುವರಿ, ಕಸದ ಗುಡ್ಡೆ ಎಲ್ಲವನ್ನೂ ಊರಿನ ಹಿರಿಯರನ್ನು ಕೇಳಿ ಬರೆಸಿ. ಶಾಲೆಯ ಮಕ್ಕಳಿಂದ ನಕ್ಷೆ ಬರೆಸಿ ಪಂಚಾಯಿತಿ ಗೋಡೆಗೆ ಹಚ್ಚಿ. ಆ ಪಟ್ಟಿಗೆ ಠರಾವಿನ ಬಲ ಕೊಟ್ಟು ತಾಲ್ಲೂಕು ಪಂಚಾಯಿತಿಗೆ, ಅರಣ್ಯ ಇಲಾಖೆಗೆ, ಸಣ್ಣ ನೀರಾವರಿ ಇಲಾಖೆಗೆ ಒಂದೊಂದು ಪ್ರತಿ ಕಳಿಸಿ. ಉದ್ಯೋಗ ಖಾತ್ರಿಯ ಮೊದಲ ಕೆಲಸ ಹಳ್ಳದ ಪಾತ್ರ ತೆರವಾಗಲಿ, ಎರಡನೆಯದು ಇಳಿಜಾರಿನ ಬದು. ಉಳಿದ ಕೆಲಸ ಆಮೇಲೆ. ಈ ವರ್ಷವೇ ಶುರು ಮಾಡಿ.

ಇತಿ ನಿಮ್ಮ ಸೀಮೆಯವ,
ಗದಗ